ಮೇಲ್ಮಣ್ಣಿನ ಒಂದಂಗುಲ: ತೊಗರಿ ಹೊಲದ ಹುಲ್ಲುಕಳೆ ಮತ್ತು ಉದಯಪೂರ್ವ ಕಳೆನಾಶಕ



ಕಲಬುರಗಿ ಸೀಮೆಯ ಊಟದಲ್ಲಿ ಜೋಳದ ರೊಟ್ಟಿ, ತೊಗರಿ ಬೇಳೆ ಒಂದನ್ನೊಂದು ಬಿಟ್ಟಿರುವುದಿಲ್ಲ. ತಟ್ಟೆಯಲ್ಲಿ ಇಷ್ಟು ಹೊಂದಿಕೊಂಡ ಈ ಎರಡೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ದೂರದ ಕುಲದವು. ಜೋಳ ಹುಲ್ಲಿನ ಕುಲ. ರಾಗಿ, ಸಜ್ಜೆ, ನವಣೆ, ಭತ್ತ, ಗೋಧಿ, ಕಬ್ಬು ಎಲ್ಲವೂ ಅದರ ದಾಯಾದಿಗಳು. ತೊಗರಿಯದು ಕಡಲೆ, ಹೆಸರು, ಉದ್ದು, ಅವರೆಗಳ ದ್ವಿದಳ ಕುಲ. ನಮ್ಮ ಹಿರಿಯರು ಈ ಎರಡು ಕುಲಗಳನ್ನು ತಟ್ಟೆಗಿಂತ ಮೊದಲು ಹೊಲದಲ್ಲೇ ಕೂಡಿಸಿದ್ದರು. ಎರೆ ಭೂಮಿಯಲ್ಲಿ ತೊಗರಿ ಸಾಲುಗಳ ನಡುವೆ ಸಜ್ಜೆಯೋ ಜೋಳವೋ ಇರುತ್ತಿತ್ತು, ಹಳೆ ಮೈಸೂರಿನ ರಾಗಿ ಹೊಲದಲ್ಲಿ ಅವರೆ-ತೊಗರಿಯ ಅಕ್ಕಡಿ ಸಾಲು ಇರುತ್ತಿತ್ತು. ಇವತ್ತಿನ ವಿಷಯ ತೊಗರಿ ಹೊಲದಲ್ಲಿ ಬಿತ್ತದೆ ಹುಟ್ಟುವ ಹುಲ್ಲು. ಅದೂ ಅದೇ ಜೋಳದ ಬಳಗದ್ದು ಎಂಬುದನ್ನು ಆರಂಭದಲ್ಲೇ ನೆನಪಿಸಬೇಕಾಗಿದೆ. ಸಿರಿಧಾನ್ಯವೆಂದು ಇಂದು ಅಂಗಡಿಯಲ್ಲಿ ದುಬಾರಿ ಬೆಲೆಗೆ ಕೊಳ್ಳುವ ಊದಲು, ನಮ್ಮ ಹೊಲದ ಬದುವಿನಲ್ಲಿ ಕಳೆಯಾಗಿ ಬೆಳೆಯುವ ಹುಲ್ಲೊಂದನ್ನು ಪಳಗಿಸಿ ಪಡೆದದ್ದು. ಕೊರಲೆ ಒಬ್ಬರ ಹೊಲದಲ್ಲಿ ಬೆಳೆ, ಪಕ್ಕದವರ ಹೊಲದಲ್ಲಿ ಕಸ. ರಾಗಿಯ ಆನುವಂಶಿಕ ಗಂಟಿನ ಅರ್ಧ ಬಂದದ್ದು ದಾರಿಬದಿಯಲ್ಲಿ ತುಳಿಸಿಕೊಂಡು ಬೆಳೆಯುವ ಒಂದು ಕಾಡು ಹುಲ್ಲಿನಿಂದ. ಆ ಹುಲ್ಲು ಈ ಉಪನ್ಯಾಸದಲ್ಲಿ ಇನ್ನೊಮ್ಮೆ ಬರಲಿದೆ, ಅಷ್ಟು ಒಳ್ಳೆಯ ಹೆಸರಿನಿಂದಲ್ಲ.

ನಾನು ಮಂಡಿಸಬೇಕೆಂದಿರುವ ವಾದ ಒಂದೇ. ಬೀಜ ಬಿತ್ತಿದ ಮೇಲೆ, ಮೊಳಕೆ ಮೇಲೇಳುವ ಮುನ್ನ ಮಣ್ಣಿಗೆ ಸಿಂಪಡಿಸುವ ಕಳೆನಾಶಕಕ್ಕೆ, ಪುಸ್ತಕದ ಭಾಷೆಯಲ್ಲಿ ಉದಯಪೂರ್ವ ಕಳೆನಾಶಕಕ್ಕೆ, ನಮ್ಮ ತೊಗರಿ ನಾಡಿನಲ್ಲಿ ನ್ಯಾಯವಾದ ಒಂದು ಜಾಗವಿದೆ. ಆ ಜಾಗ ಚಿಕ್ಕದು. ರಾಸಾಯನಿಕದ ಭಯವಿರುವ ರೈತ, ಖರ್ಚಿನ ಭಯವಿರುವ ರೈತ, ಇಬ್ಬರೂ ಸಾಮಾನ್ಯವಾಗಿ ಮಾಡುವುದು ಒಂದೇ ಕೆಲಸ: ಹೊಲವೆಲ್ಲ ಹೊಡೆಯುತ್ತಾರೆ, ಔಷಧಿ ಮಾತ್ರ ಕಡಿಮೆ ಹಾಕುತ್ತಾರೆ. ಇದು ತಲೆಕೆಳಗಾದ ಉಳಿತಾಯ. ಕಡಿಮೆ ಮಾಡಬೇಕಾದದ್ದು ಹೊಡೆಯುವ ಜಾಗವನ್ನು. ಹೊಡೆದ ಜಾಗದಲ್ಲಿ ಪ್ರಮಾಣ ಪೂರ್ತಿಯಾಗಿರಬೇಕು. ಉಳಿದ ಜಾಗವನ್ನು ಎಡೆಕುಂಟೆಗೆ ಬಿಡಬೇಕು. ಇದನ್ನು ಒಪ್ಪಬೇಕಾದರೆ ಮೊದಲು ತೊಗರಿಯ ಸ್ವಭಾವ, ಆಮೇಲೆ ಈ ಔಷಧಿಯ ಸ್ವಭಾವ, ಕೊನೆಗೆ ಬೇರೆ ನಾಡುಗಳು ಪಟ್ಟ ಪಾಡು, ಮೂರನ್ನೂ ನೋಡಬೇಕಾಗುತ್ತದೆ.

ತೊಗರಿ ನಿಧಾನದ ಬೆಳೆ. ಮೃಗಶಿರಾ-ಆರಿದ್ರಾ ಮಳೆಗೆ ಬಿತ್ತಿದ್ದು ಕೊಯ್ಲಿಗೆ ಬರುವುದು ಡಿಸೆಂಬರ್, ಜನವರಿಗೆ. ಇಷ್ಟು ದೀರ್ಘ ಬದುಕಿನ ಗಿಡ ಮೊದಲ ಒಂದೂವರೆ ತಿಂಗಳು ಮೇಲೆ ಬೆಳೆಯುವುದಕ್ಕಿಂತ ಕೆಳಗೆ ಬೇರಿಳಿಸುವುದರಲ್ಲೇ ಮಗ್ನವಾಗಿರುತ್ತದೆ. ಸಾಲಿನಿಂದ ಸಾಲಿಗೆ ಮೂರು ಅಡಿ, ಕೆಲವೆಡೆ ನಾಲ್ಕು ಅಡಿ ಅಂತರ. ಆ ಅಂತರವನ್ನು ಅದರ ಎಲೆ ಮುಚ್ಚುವುದಕ್ಕೆ ಎರಡು ತಿಂಗಳಾದರೂ ಬೇಕು. ಅಲ್ಲಿಯವರೆಗೆ ಮುಂಗಾರಿನ ಬಿಸಿಲು, ಹಸಿ, ಮಣ್ಣಿನ ಸಾರ ಎಲ್ಲ ಬಯಲಲ್ಲಿ ಬಿದ್ದಿರುತ್ತವೆ. ಹುಲ್ಲುಗಳಿಗೆ ಬೇಕಾದದ್ದು ಇದೇ. ನಮ್ಮ ಮುಂಗಾರಿನ ಹುಲ್ಲುಕಳೆಗಳಲ್ಲಿ ಹೆಚ್ಚಿನವು ಜೋಳದಂತೆಯೇ ಬಿಸಿಲು ಏರಿದಷ್ಟೂ ಚುರುಕಾಗಿ ಆಹಾರ ತಯಾರಿಸಿಕೊಳ್ಳುವ ಬಗೆಯವು; ತೊಗರಿಗೆ ಆ ಸೌಲಭ್ಯವಿಲ್ಲ. ಎರಡು ತಿಂಗಳು ಕಳೆದ ಮೇಲೆ ಹುಟ್ಟುವ ಹುಲ್ಲು ತೊಗರಿಯ ನೆರಳಲ್ಲಿ ಸೊರಗಿ ಹೋಗುತ್ತದೆ, ಅದರ ಚಿಂತೆ ಅಷ್ಟಿಲ್ಲ. ಮೊದಲ ವಾರಗಳಲ್ಲಿ ಹುಟ್ಟಿದ್ದೇ ಇಳುವರಿ ತಿನ್ನುವುದು. ಬಿತ್ತಿ ಐವತ್ತು ದಿನ ಆದಮೇಲೆ ಹೊಲ ಎಷ್ಟೇ ಚೊಕ್ಕವಾಗಿ ಕಂಡರೂ, ಮೊದಲ ಮೂವತ್ತು ದಿನದಲ್ಲಿ ಆದ ನಷ್ಟ ತಿರುಗಿ ಬರುವುದಿಲ್ಲ. ಗೊಬ್ಬರದ ಖರ್ಚು, ಬೀಜದ ಖರ್ಚು ಕಣ್ಣಿಗೆ ಕಾಣುತ್ತವೆ. ಈ ನಷ್ಟ ಕಾಣುವುದಿಲ್ಲ, ಯಾಕೆಂದರೆ ಗಿಡ ಸಾಯುವುದಿಲ್ಲ, ಕೊಂಬೆ ಕಡಿಮೆ ಒಡೆಯುತ್ತದೆ ಅಷ್ಟೆ.

ಹಾಗಾದರೆ ಎಡೆಕುಂಟೆ ಇದೆಯಲ್ಲ, ಕುರ್ಪಿ ಹಿಡಿದ ಕೈಗಳಿವೆಯಲ್ಲ? ಇವೆ. ಎರಡಕ್ಕೂ ಎರೆ ಭೂಮಿಯಲ್ಲಿ ಒಂದೊಂದು ತೊಡಕಿದೆ. ಕುಂಟೆ ಸಾಲುಗಳ ನಡುವಿನ ಹುಲ್ಲನ್ನು ಬೇರುಸಹಿತ ಕಡಿದು ಹಾಕುತ್ತದೆ, ಸಾಲಿನೊಳಗೆ, ಗಿಡದಿಂದ ಗಿಡಕ್ಕೆ ಇರುವ ಜಾಗದಲ್ಲಿ, ಅದಕ್ಕೆ ದಾರಿಯಿಲ್ಲ. ಗಿಡದ ಬುಡಕ್ಕೆ ಅಂಟಿಕೊಂಡು ಹುಟ್ಟಿದ ಹುಲ್ಲೇ ಗಿಡದ ಜೊತೆ ಹೆಚ್ಚು ಹೋರಾಡುವುದು. ಅದನ್ನು ಕೈಯಿಂದಲೇ ತೆಗೆಯಬೇಕು. ಕೈಯಿಂದ ತೆಗೆಯುವುದಕ್ಕೆ ಹೊಲಕ್ಕೆ ಕಾಲಿಡಲು ಆಗಬೇಕು. ನಾಲ್ಕು ದಿನ ಹಿಡಿದ ಮಳೆಯ ನಂತರ ಎರೆಮಣ್ಣು ಹೇಗಿರುತ್ತದೆಂದು ಇಲ್ಲಿ ಕೂತವರಿಗೆ ನಾನು ಹೇಳಬೇಕಾಗಿಲ್ಲ. ಕಾಲಿಗೆ ಮೆತ್ತಿಕೊಂಡ ಮಣ್ಣು ಮನುಷ್ಯನನ್ನೂ ಎತ್ತನ್ನೂ ಮುಂದೆ ಬಿಡುವುದಿಲ್ಲ. ಹದ ಬರುವವರೆಗೆ ಕಾಯಬೇಕು. ಹದ ಬಂದ ದಿನ ಊರಿನ ಎಲ್ಲ ಹೊಲಗಳಿಗೂ ಒಟ್ಟಿಗೇ ಬರುತ್ತದೆ, ಹಾಗಾಗಿ ಆಳು ಬೇಕಾಗುವುದೂ ಎಲ್ಲರಿಗೂ ಒಂದೇ ದಿನ. ಮಳೆಯೂ ಹೊಲವೂ ಹೀಗೆ ಒಪ್ಪಂದ ಮಾಡಿಕೊಂಡಂತೆ ಕೈಕಟ್ಟುವ ಆ ಹದಿನೈದು-ಇಪ್ಪತ್ತು ದಿನಗಳಿಗೆ ಮಾತ್ರ ಕಳೆನಾಶಕ ಬೇಕು ಎಂಬುದು ನನ್ನ ಅಳತೆ. ಕುಂಟೆ ಸುಲಭವಾಗಿ ಮಾಡುವ ಕೆಲಸವನ್ನು ಔಷಧಿಗೆ ಒಪ್ಪಿಸುವುದು ಸೋಮಾರಿತನ. ಕುಂಟೆ ಮಾಡಲಾರದ್ದನ್ನು ಒಪ್ಪಿಸುವುದು ಬೇಸಾಯ.

ಈಗ ಔಷಧಿಯ ಸ್ವಭಾವಕ್ಕೆ ಬರೋಣ. ತೊಗರಿ, ಕಡಲೆ, ಹೆಸರು, ಶೇಂಗಾ, ಸೋಯಾ ಮುಂತಾದವುಗಳಲ್ಲಿ ಹುಲ್ಲುಕಳೆಗೆ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ಪೆಂಡಿಮಿಥಾಲಿನ್. ಬಾಟಲಿಯಿಂದ ಸುರಿದಾಗ ಕಿತ್ತಳೆ ಹಳದಿ ಬಣ್ಣ, ನೀರಿಗೆ ಬೆರೆಸಿದಾಗ ಹಳದಿ ಹಾಲು. ಕೈಗೆ, ಅಂಗಿಗೆ ತಗುಲಿದರೆ ಕಲೆ ಬೇಗ ಹೋಗುವುದಿಲ್ಲ. ನೀರಿನಲ್ಲಿ ಅದು ಕರಗುವುದೇ ಇಲ್ಲವೆನ್ನಬಹುದು, ಒಂದು ಲೀಟರಿಗೆ ಒಂದು ಮಿಲಿಗ್ರಾಂನಷ್ಟೂ ಇಲ್ಲ. ಕರಗದ ಕಾರಣ ಮಳೆ ಬಿದ್ದರೂ ಅದು ಕೆಳಗಿಳಿಯುವುದಿಲ್ಲ, ಮಣ್ಣಿನ ಜೇಡಿಗೂ ಸಾವಯವ ಅಂಶಕ್ಕೂ ಅಂಟಿಕೊಂಡು ಮೇಲಿನ ಒಂದಂಗುಲದಲ್ಲೇ ನಿಲ್ಲುತ್ತದೆ. ಅದರ ಕೆಲಸವೆಲ್ಲ ಈ ನಿಲ್ಲುವಿಕೆಯಲ್ಲಿದೆ. ಜೀವಕೋಶ ಒಂದು ಎರಡಾಗುವಾಗ ಒಳಗಿನ ವರ್ಣತಂತುಗಳನ್ನು ಎಳೆದು ಹಂಚಲು ಸಣ್ಣ ನಳಿಕೆಗಳು ಕಟ್ಟಿಕೊಳ್ಳಬೇಕು. ಪೆಂಡಿಮಿಥಾಲಿನ್ ಆ ನಳಿಕೆಗಳನ್ನು ಕಟ್ಟಿಕೊಳ್ಳಲು ಬಿಡುವುದಿಲ್ಲ. ಕೋಶ ಒಡೆಯದೆ ಉಬ್ಬುತ್ತದೆ, ಬೇರಿನ ತುದಿ ಗಂಟುಕಟ್ಟಿ ಮೊಂಡಾಗುತ್ತದೆ. ಹುಲ್ಲಿನ ಬೀಜ ಚಿಕ್ಕದು, ಅದು ಮೊಳೆಯುವುದು ಮೇಲಿನ ಅಂಗುಲದಲ್ಲೇ, ಅದರ ಬೆಳೆಯುವ ಗಿಣ್ಣೂ ಮಣ್ಣಿನ ಮೇಲ್ಪದರಕ್ಕೇ ಬಂದು ಕೂರುತ್ತದೆ. ಹೀಗೆ ಹುಟ್ಟಿನಿಂದಲೇ ಅದು ವಿಷದ ಹಾಸಿಗೆಯಲ್ಲಿ. ತೊಗರಿಯ ಬೀಜ ಎರಡಂಗುಲ ಕೆಳಗಿರುತ್ತದೆ. ಅದರ ಬೇಳೆಗಳು ಹೆಸರಿನ ಹಾಗೆ ಮೇಲೆದ್ದು ಬರದೆ ಮಣ್ಣಿನೊಳಗೇ ಉಳಿಯುತ್ತವೆ, ಬೇರು ಹಾಸಿಗೆಯ ಕೆಳಗೆ ಇಳಿಯುತ್ತದೆ, ಕುಡಿ ಮಾತ್ರ ಅವಸರದಲ್ಲಿ ಅದನ್ನು ದಾಟಿ ಹೊರಬರುತ್ತದೆ. ಔಷಧಿಗೆ ತೊಗರಿಯ ಮೇಲೆ ಪ್ರೀತಿಯಿಲ್ಲ, ಹುಲ್ಲಿನ ಮೇಲೆ ದ್ವೇಷವೂ ಇಲ್ಲ. ಒಂದು ಮೇಲಿದೆ, ಒಂದು ಕೆಳಗಿದೆ. ಆಯ್ಕೆಯ ಬಹುಪಾಲು ಇಷ್ಟರಲ್ಲೇ ಮುಗಿಯಿತು. ಕೂರಿಗೆ ಸರಿಯಾಗಿ ಇಳಿಯದೆ ಬೀಜ ಮೇಲೆಯೇ ಬಿದ್ದರೆ ಆ ರಕ್ಷಣೆಯೂ ಹೋಯಿತು.

ಇದೇ ಸ್ವಭಾವದಿಂದ ಅದರ ಸೋಲುಗಳನ್ನೂ ವಿವರಿಸಬಹುದು. ಜೇಕಿನ ಗಡ್ಡೆ, ಕರಕಿಯ ಬೇರುಗಂಟು ಆಳದಿಂದ, ಬೀಜವಲ್ಲದ ಮೂಲದಿಂದ ಚಿಗುರುತ್ತವೆ. ಇವುಗಳ ಮೇಲೆ ಔಷಧಿ ನಡೆಯುವುದಿಲ್ಲ, ನಡೆಯಲಿಲ್ಲವೆಂದು ಅಂಗಡಿಯವನ ಜೊತೆ ಜಗಳ ಮಾಡಿ ಪ್ರಯೋಜನವಿಲ್ಲ. ಮೊಳೆತು ಎಲೆ ಬಿಟ್ಟ ಹುಲ್ಲಿನ ಮೇಲೂ ನಡೆಯುವುದಿಲ್ಲ. ಬಿತ್ತಿದ ದಿನ ಅಥವಾ ಮರುದಿನ, ಹೆಚ್ಚೆಂದರೆ ಮೂರನೆಯ ದಿನದೊಳಗೆ ಮುಗಿಸಬೇಕು. ಹೊಲದಲ್ಲಿ ಹೆಂಟೆ ಇದ್ದರೆ ಹೆಂಟೆಯ ಮೇಲೆ ಔಷಧಿ, ಅಡಿಯಲ್ಲಿ ಹುಲ್ಲು. ಮಣ್ಣು ಒಣಗಿದ್ದರೆ ಪದರ ಕೂರುವುದಿಲ್ಲ, ಬಿಸಿಲಿಗೆ ಒಂದಿಷ್ಟು ಆವಿಯಾಗಿ, ಒಂದಿಷ್ಟು ಒಡೆದು ಹೋಗುತ್ತದೆ. ಸಿಂಪಡಿಸುವವನ ಹೆಜ್ಜೆಯೂ ಲೆಕ್ಕಕ್ಕೆ ಬರುತ್ತದೆ. ಮುಂದಕ್ಕೆ ನಡೆಯುತ್ತ ಹೊಡೆದರೆ ತಾನು ಹಾಸಿದ್ದನ್ನು ತಾನೇ ತುಳಿದು ಹಾಳುಮಾಡುತ್ತಾನೆ, ಅದಕ್ಕೇ ಹಿಂದಕ್ಕೆ ನಡೆಯುತ್ತ ಹೊಡೆಯಬೇಕೆಂದು ಹೇಳಿಕೊಡುವುದು. ಕೀಟಕ್ಕೆ ಹೊಡೆಯುವ ದುಂಡು ಮಂಜಿನ ನಾಜಲ್ ಇಲ್ಲಿ ಬೇಡ, ಬೀಸಣಿಗೆಯಂತೆ ಚಪ್ಪಟೆಯಾಗಿ ಹರಡುವ ನಾಜಲ್ ಬೇಕು. ಕಳೆನಾಶಕವನ್ನು ‘ಎಣ್ಣೆ’ ಎಂದು ಕರೆಯುವ ನಮ್ಮ ರೂಢಿ ಅದನ್ನು ಕೀಟದ ಎಣ್ಣೆಯ ಸಾಲಿಗೆ ಸೇರಿಸಿಬಿಟ್ಟಿದೆ. ಕೀಟದ ಔಷಧಿಯನ್ನು ಗಿಡಕ್ಕೆ ಹೊಡೆಯುತ್ತೇವೆ, ಇದನ್ನು ಮಣ್ಣಿಗೆ. ಒಂದು ಹೊಡೆತ, ಇನ್ನೊಂದು ಸಾರಣೆ.

ಸಾರಣೆ ಎಂದ ಮೇಲೆ ಅಳತೆ ಬರಬೇಕು. ಶೇಕಡಾ 30ರ ಪೆಂಡಿಮಿಥಾಲಿನ್ ಹೆಕ್ಟೇರಿಗೆ ಒಂದು ಕಿಲೋ ಮೂಲವಸ್ತುವಿನ ಲೆಕ್ಕದಲ್ಲಿ ಎಕರೆಗೆ ಸುಮಾರು 1.3 ಲೀಟರ್ ಆಗುತ್ತದೆ. ಅದನ್ನು ಒಂದೇ ಸಮ ಹಾಸಲು ಎಕರೆಗೆ 200 ಲೀಟರ್ ನೀರಾದರೂ ಬೇಕು. ಬೆನ್ನಿನ ಪಂಪಿನ ಟ್ಯಾಂಕು 16 ಲೀಟರಿನದಾದರೆ ಹನ್ನೆರಡೂವರೆ ಟ್ಯಾಂಕು. ಟ್ಯಾಂಕಿಗೆ ನೂರು ಮಿಲಿಗಿಂತ ಒಂದು ಕೂದಲು ಹೆಚ್ಚು. ಈಗ ಹೊಲದಲ್ಲಿ ಆಗುವುದನ್ನು ನೋಡಿ. ‘ಟ್ಯಾಂಕಿಗೆ ನೂರು ಮಿಲಿ’ ಎಂಬುದು ಬಾಯಿಂದ ಬಾಯಿಗೆ ದಾಟಿ ಉಳಿದುಕೊಂಡಿದೆ, ಹನ್ನೆರಡು ಟ್ಯಾಂಕು ಎಂಬುದು ದಾರಿಯಲ್ಲೆಲ್ಲೋ ಬಿದ್ದು ಹೋಗಿದೆ. ಮಳೆಯಾಶ್ರಿತ ಹೊಲಕ್ಕೆ ನೀರು ಹೊತ್ತು ತರಬೇಕು, ಬೆನ್ನ ಮೇಲೆ ಹದಿನಾರು ಕಿಲೋ ಭಾರ, ಜೂನಿನ ಸೆಕೆ; ಐದಾರು ಟ್ಯಾಂಕಿಗೆ ಎಕರೆ ಮುಗಿಸುವುದನ್ನು ತಪ್ಪೆಂದು ಬಯ್ಯುವುದು ಸುಲಭ, ಹೊತ್ತು ನೋಡಿದವರು ಬಯ್ಯುವುದಿಲ್ಲ. ಆದರೆ ಲೆಕ್ಕ ಲೆಕ್ಕವೇ. ಆ ಹೊಲಕ್ಕೆ ಬಿದ್ದದ್ದು ಐನೂರು, ಆರುನೂರು ಮಿಲಿ, ಅಂದರೆ ಹೇಳಿದ್ದರ ಅರ್ಧದ ಆಸುಪಾಸು. ಅದರಲ್ಲೂ ಕೆಲವು ಪಟ್ಟಿಗೆ ಪೂರ್ತಿ, ಕೆಲವು ಪಟ್ಟಿಗೆ ಏನೂ ಇಲ್ಲ. ಜೇಡಿ ತುಂಬಿದ ಎರೆಮಣ್ಣು ಈ ಔಷಧಿಯನ್ನು ಮರಳು ಮಣ್ಣಿಗಿಂತ ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ, ಹಿಡಿದಿಟ್ಟದ್ದು ಹುಲ್ಲಿಗೆ ಸಿಗುವುದಿಲ್ಲ. ಇಂಥ ಕಡೆ ಅರ್ಧ ಪ್ರಮಾಣವೆಂದರೆ ಅರ್ಧ ಫಲವೂ ಅಲ್ಲ.

‘ಅರ್ಧ ಹಾಕಿದರೆ ಅರ್ಧ ಹುಲ್ಲಾದರೂ ಸಾಯುತ್ತದಲ್ಲ, ವಿಷವೂ ಕಡಿಮೆಯಾಯಿತು’ ಎನ್ನುವವರಿದ್ದಾರೆ. ಈ ಮಾತಿಗೆ ಉತ್ತರ ಆಸ್ಟ್ರೇಲಿಯಾದಲ್ಲಿದೆ. ಅಲ್ಲಿನ ದಕ್ಷಿಣದ ಮತ್ತು ಪಶ್ಚಿಮದ ಗೋಧಿ ನಾಡುಗಳಲ್ಲಿ ಗೋಧಿಯ ಜೊತೆ ಸರದಿಯಾಗಿ ಕಡಲೆ, ಮಸೂರ, ಲೂಪಿನ್ ಬೆಳೆಯುತ್ತಾರೆ. ಮೆಡಿಟರೇನಿಯನ್ ಕಡೆಯಿಂದ ಕುರಿಗಳ ಮೇವಿಗೆಂದು ತಾವೇ ತಂದು ಬಿತ್ತಿದ ರೈಗ್ರಾಸ್ ಎಂಬ ಹುಲ್ಲು ಅಲ್ಲಿ ಈಗ ಬೇಸಾಯದ ಮೊದಲ ಶತ್ರು. ಮೊಳೆತ ಹುಲ್ಲಿನ ಮೇಲೆ ಹೊಡೆಯುವ ಡೈಕ್ಲೊಫಾಪ್ ಎಂಬ ಕಳೆನಾಶಕಕ್ಕೆ ಸಾಯದ ರೈಗ್ರಾಸ್ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಕಂಡುಬಂದ ವರದಿ 1982ರದು. ಅಲ್ಲಿಂದ ಮುಂದೆ ಒಂದೊಂದೇ ಗುಂಪಿನ ಔಷಧಿ ಕೈಕೊಟ್ಟಿತು. ಮೊಳೆತ ಮೇಲೆ ಕೊಲ್ಲುವ ಔಷಧಿಗಳನ್ನು ಕಳೆದುಕೊಂಡ ರೈತರು ಮೊಳೆಯುವ ಮುನ್ನ ಕೊಲ್ಲುವ ಟ್ರೈಫ್ಲುರಾಲಿನ್‌ಗೆ, ಅಂದರೆ ನಮ್ಮ ಪೆಂಡಿಮಿಥಾಲಿನ್ನಿನ ಅಣ್ಣನಿಗೆ, ಜೋತುಬಿದ್ದರು. ಕಾಲಾಂತರದಲ್ಲಿ ಅದಕ್ಕೂ ಬಗ್ಗದ ಹುಲ್ಲು ಹುಟ್ಟಿತು. ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು ಪಾಲ್ ನೀವ್ ಮತ್ತು ಸ್ಟೀಫನ್ ಪೋಲ್ಸ್ 2005ರಲ್ಲಿ ಪ್ರಕಟಿಸಿದ ಪ್ರಯೋಗ. ಔಷಧಿಗೆ ಸುಲಭವಾಗಿ ಸಾಯುವ ರೈಗ್ರಾಸಿಗೇ ಅವರು ಡೈಕ್ಲೊಫಾಪನ್ನು ಕಡಿಮೆ ಪ್ರಮಾಣದಲ್ಲಿ ಹೊಡೆದರು, ಬದುಕಿ ಉಳಿದವುಗಳ ಬೀಜ ಹಿಡಿದರು, ಮತ್ತೆ ಬಿತ್ತಿ ಮತ್ತೆ ಹೊಡೆದರು. ಮೂರೇ ತಲೆಮಾರಿನಲ್ಲಿ ಪೂರ್ತಿ ಪ್ರಮಾಣಕ್ಕೂ ಜಗ್ಗದ ಹುಲ್ಲು ತಯಾರಾಯಿತು. ಪೂರ್ತಿ ಪ್ರಮಾಣದಲ್ಲಿ ಅರೆಶಕ್ತಿಯ ಗಿಡಗಳು ಸತ್ತುಹೋಗುತ್ತವೆ. ಅರ್ಧ ಪ್ರಮಾಣದಲ್ಲಿ ಅವು ಬದುಕಿ, ಒಂದರ ಸಣ್ಣ ಬಲ ಇನ್ನೊಂದರ ಸಣ್ಣ ಬಲದ ಜೊತೆ ಪರಾಗದಲ್ಲಿ ಕೂಡಿಕೊಳ್ಳುತ್ತದೆ. ಆಮೇಲೆ ಮೊಳಕೆಗೆ ಮುನ್ನ ಹಾಕುವ ಪೈರಾಕ್ಸಾಸಲ್ಫೋನ್ ಎಂಬ ಹೊಸ ಔಷಧಿಯ ವಿಷಯದಲ್ಲೂ ಇದೇ ಬಗೆಯ ಫಲಿತಾಂಶ ಬಂತು. ರೈಗ್ರಾಸ್ ಪರಕೀಯ ಪರಾಗಸ್ಪರ್ಶದ ಹುಲ್ಲು, ನಮ್ಮ ಊದಲಿನ ಬಂಧುಗಳು ಹೆಚ್ಚಾಗಿ ಸ್ವಕೀಯ. ಆದ್ದರಿಂದ ನಮ್ಮಲ್ಲಿ ಇಷ್ಟು ವೇಗವಾಗಿ ಆಗಲಿಕ್ಕಿಲ್ಲ ಎಂಬ ತಕರಾರು ನ್ಯಾಯವಾದದ್ದೇ. ಆದರೆ ನಿಧಾನವಾಗಿ ಆಗುತ್ತದೆ ಎಂಬುದು ಆಗುವುದಿಲ್ಲ ಎಂಬುದಲ್ಲ.

ಅದಕ್ಕೆ ಸಾಕ್ಷಿ ರಾಗಿಯ ಆ ದಾರಿಬದಿಯ ಬಂಧು. ಅದೂ ಸ್ವಕೀಯ ಪರಾಗದ ಹುಲ್ಲೇ. ಅಮೆರಿಕದ ದಕ್ಷಿಣ ಕೆರೋಲಿನಾದ ಹತ್ತಿ ಹೊಲಗಳಲ್ಲಿ ವರ್ಷ ವರ್ಷವೂ ಟ್ರೈಫ್ಲುರಾಲಿನ್ ಒಂದನ್ನೇ ಹಾಕುತ್ತ ಬಂದದ್ದರ ಫಲವಾಗಿ ಈ ಹುಲ್ಲು ಅದಕ್ಕೆ ಬಗ್ಗದಂತಾಯಿತು. 1984ರಲ್ಲಿ ಅದರ ವರದಿ ಪ್ರಕಟವಾಯಿತು. ಕಾರಣ ತಿಳಿದದ್ದು 1998ರಲ್ಲಿ. ಕೋಶ ಒಡೆಯುವಾಗ ಕಟ್ಟಿಕೊಳ್ಳುವ ನಳಿಕೆ ಎಂದೆನಲ್ಲ, ಆ ನಳಿಕೆಯ ಪ್ರೋಟೀನಿನಲ್ಲಿ 239ನೆಯ ಸ್ಥಾನದ ಒಂದೇ ಒಂದು ಅಮೈನೋ ಆಮ್ಲ ಬದಲಾಗಿತ್ತು. ಮನೆಯ ಒಂದು ಇಟ್ಟಿಗೆ ಬದಲಾಗಿ ಕಳ್ಳನ ಕೀಲಿ ಕೂರದೇ ಹೋಯಿತು ಎನ್ನಬಹುದು. ಪೆಂಡಿಮಿಥಾಲಿನ್ ಅದೇ ಕೀಲಿಗೊಂಚಲಿನದು. ನಮ್ಮ ದೇಶಕ್ಕೂ ಈ ಕಥೆ ಹೊಸದಲ್ಲ: ಹರಿಯಾಣದ ಗೋಧಿ ಹೊಲಗಳಲ್ಲಿ ಐಸೊಪ್ರೊಟ್ಯುರಾನ್ ಒಂದನ್ನೇ ನೆಚ್ಚಿಕೊಂಡಿದ್ದಾಗ 1990ರ ದಶಕದ ಆರಂಭದಲ್ಲಿ ಫಲಾರಿಸ್ ಎಂಬ ಹುಲ್ಲು ಅದಕ್ಕೆ ಸಾಯುವುದನ್ನು ನಿಲ್ಲಿಸಿತು.

ಆಸ್ಟ್ರೇಲಿಯನ್ನರು ಈ ಬಿಕ್ಕಟ್ಟಿಗೆ ಕಂಡುಕೊಂಡ ದಾರಿ ಅವರ ನೆಲಕ್ಕೆ ಒಪ್ಪುವಂಥದು. ರೈಗ್ರಾಸ್ ತನ್ನ ಬೀಜವನ್ನು ಕೊಯ್ಲಿನವರೆಗೂ ತೆನೆಯಲ್ಲೇ ಹಿಡಿದಿಟ್ಟುಕೊಂಡಿರುತ್ತದೆ. ಹಾಗಾಗಿ ಕೊಯ್ಲಿನ ಯಂತ್ರದ ಹೊಟ್ಟಿನಲ್ಲಿ ಬರುವ ಕಳೆಬೀಜವನ್ನು ಅರೆದು ಪುಡಿಮಾಡುವ ಯಂತ್ರವನ್ನು ಪಶ್ಚಿಮ ಆಸ್ಟ್ರೇಲಿಯಾದ ರೈತ ರೇ ಹ್ಯಾರಿಂಗ್ಟನ್ ರೂಪಿಸಿದರು. ಸೊಗಸಾದ ಉಪಾಯ. ನಮಗೆ ಅದು ಬರುವುದಿಲ್ಲ: ತೊಗರಿ ಕೊಯ್ಯುವ ಡಿಸೆಂಬರಿನ ಹೊತ್ತಿಗೆ ಮುಂಗಾರಿನ ಹುಲ್ಲುಗಳು ಬೀಜ ಉದುರಿಸಿ ಎರಡು ತಿಂಗಳಾಗಿರುತ್ತದೆ. ಆದರೆ ಅವರ ಬಳಿ ಇಲ್ಲದ್ದು ನಮ್ಮ ಬಳಿ ಇದೆ. ಮಣ್ಣು ಕೊಚ್ಚಿಹೋಗದಿರಲೆಂದು ಅವರು ಉಳುಮೆಯನ್ನೇ ಬಿಟ್ಟವರು, ಸಾಲುಗಳೂ ಒತ್ತೊತ್ತು, ಬೆಳೆದು ನಿಂತ ಬೆಳೆಯ ನಡುವೆ ಕುಂಟೆ ಹಾಯಿಸುವ ಪ್ರಶ್ನೆಯೇ ಇಲ್ಲ. ನಮ್ಮ ತೊಗರಿಯ ಮೂರಡಿ, ನಾಲ್ಕಡಿ ಅಂತರ ಕುಂಟೆಗೆಂದೇ ಬಿಟ್ಟಂತಿದೆ. ಕುಂಟೆಯ ಕುಡಕ್ಕೆ ಪ್ರತಿರೋಧ ಬೆಳೆಸಿಕೊಂಡ ಹುಲ್ಲು ಜಗತ್ತಿನಲ್ಲಿ ಇನ್ನೂ ಹುಟ್ಟಿಲ್ಲ.

ಹಾಗಾಗಿ ನನ್ನ ಪ್ರಸ್ತಾಪ ಇದು. ಬಿತ್ತಿದ ಸಾಲಿನ ಮೇಲೆ, ಬೀಜದ ಆಚೆಗೆ ಅರ್ಧ ಅಡಿ ಈಚೆಗೆ ಅರ್ಧ ಅಡಿ, ಒಟ್ಟು ಒಂದಡಿ ಅಗಲದ ಪಟ್ಟಿಗೆ ಮಾತ್ರ ಪೆಂಡಿಮಿಥಾಲಿನ್ ಪೂರ್ತಿ ಪ್ರಮಾಣದಲ್ಲಿ ಬೀಳಲಿ. ಸಾಲಿನ ಅಂತರ ಮೂರಡಿಯಾದರೆ ಔಷಧಿ ಬೀಳುವುದು ಹೊಲದ ಮೂರನೇ ಒಂದು ಭಾಗಕ್ಕೆ. ಉಳಿದ ಎರಡಡಿ ಹಾಗೇ ಬಿಡಿ. ಹದ ಬಂದಾಗ ಎಡೆ ಹೊಡೆಯಿರಿ, ಹದಿನೈದು-ಇಪ್ಪತ್ತು ದಿನ ಬಿಟ್ಟು ಇನ್ನೊಮ್ಮೆ ಹೊಡೆಯಿರಿ. ಕುಂಟೆ ತಲುಪದ ಕಡೆ ಔಷಧಿ ಇದೆ, ಔಷಧಿ ಇಲ್ಲದ ಕಡೆ ಕುಂಟೆ ಹಾಯುತ್ತದೆ. ಔಷಧಿಗೆ ಸಾಯದ ಹುಲ್ಲೊಂದು ಸಾಲಿನಲ್ಲಿ ಉಳಿದುಕೊಂಡಿತೆಂದರೆ, ಅದು ಒಂದಡಿ ಪಟ್ಟಿಯಲ್ಲಿ ಒಂಟಿಯಾಗಿ ಕಣ್ಣಿಗೆ ಬೀಳುತ್ತದೆ. ಬೀಜ ಕಟ್ಟುವ ಮೊದಲು ಕಿತ್ತು ಹಾಕಲು ನಾಲ್ಕು ಕೈ ಸಾಕು. ಇದು ನಾನು ಕಂಡುಹಿಡಿದದ್ದಲ್ಲ; ಸಾಲಿನ ಮೇಲೆ ಪಟ್ಟಿಯಾಗಿ ಹೊಡೆಯುವ ಪದ್ಧತಿ ಹಳೆಯದು. ನಮ್ಮಲ್ಲಿ ಅದು ಊರೂರಿಗೆ ಹಬ್ಬದಿರುವುದಕ್ಕೆ ಒಂದು ಕಾರಣ ಬಾಟಲಿಯ ಮೇಲಿನ ಲೆಕ್ಕ ಇಡೀ ಹೆಕ್ಟೇರಿನದಾಗಿರುವುದು. ಕಡಿಮೆ ಬಾಟಲಿ ಮಾರುವ ವಿದ್ಯೆಯನ್ನು ಬಾಟಲಿ ಮಾರುವವರು ಕಲಿಸಲಿ ಎಂದು ನಿರೀಕ್ಷಿಸುವುದೂ ಸರಿಯಲ್ಲವೇನೋ.

ಇದರಿಂದ ಇನ್ನೊಂದು ಲಾಭ ನನ್ನ ಮನಸ್ಸಿಗೆ ದೊಡ್ಡದು. ಪೂರ್ತಿ ಹೊಲಕ್ಕೆ ಹೊಡೆದ ಔಷಧಿ ಕಾಡು ಊದಲು ಯಾವುದು, ಬಿತ್ತಿದ ಸಜ್ಜೆ ಯಾವುದು ಎಂದು ಕೇಳುವುದಿಲ್ಲ, ಎರಡೂ ಹುಲ್ಲೇ. ತೊಗರಿಯಲ್ಲಿ ಹುಲ್ಲುಕಳೆನಾಶಕವೊಂದೇ ದಾರಿ ಎಂದ ದಿನ ತೊಗರಿ-ಸಜ್ಜೆ, ತೊಗರಿ-ಜೋಳದ ಜೋಡಿ ಬೆಳೆ ಮುಗಿಯಿತು. 2016ನ್ನು ದ್ವಿದಳ ಧಾನ್ಯಗಳ ವರ್ಷವೆಂದೂ 2023ನ್ನು ಸಿರಿಧಾನ್ಯಗಳ ವರ್ಷವೆಂದೂ ವಿಶ್ವಸಂಸ್ಥೆ ಆಚರಿಸಿತು. ಎರಡನ್ನೂ ಒಂದೇ ಹೊಲದಲ್ಲಿ ಬೆಳೆದುಕೊಂಡಿದ್ದ ನಾಡಿನವರಾದ ನಾವು ಎರಡು ಬ್ಯಾನರ್ ಕಟ್ಟಿ ಎರಡು ಸಲ ಭಾಷಣ ಮಾಡಿದೆವು. ಪಟ್ಟಿಯಲ್ಲಿ ಹೊಡೆದಾಗ ತೊಗರಿಯ ಸಾಲಿಗೆ ಮಾತ್ರ ಔಷಧಿ; ಪಕ್ಕದಲ್ಲಿ ಸಜ್ಜೆಯ ಸಾಲು ತನ್ನ ಪಾಡಿಗೆ ಹುಟ್ಟಬಹುದು. ಕರಗದ, ಹರಿಯದ ಔಷಧಿಯಾದ್ದರಿಂದ ಅದು ಪಕ್ಕಕ್ಕೆ ಸರಿದು ಬರುವ ಭಯ ಕಡಿಮೆ. ಗಾಳಿಯಿಲ್ಲದ ಹೊತ್ತಿನಲ್ಲಿ ನಾಜಲನ್ನು ನೆಲದ ಹತ್ತಿರ ಹಿಡಿದರೆ ಸಾಕು.

ಆಕ್ಷೇಪಗಳಿಗೆ ಬರುತ್ತೇನೆ. ಮೊದಲನೆಯದು ವಿಷದ್ದು, ಅದನ್ನು ಹಗುರ ಮಾಡುವ ಉದ್ದೇಶ ನನಗಿಲ್ಲ. ದ್ವಿದಳ ಬೆಳೆಗಳಿಗೆ ಬಹುಕಾಲ ಬಳಸಿದ ಅಲಾಕ್ಲೋರ್ ಎಂಬ ಉದಯಪೂರ್ವ ಕಳೆನಾಶಕವನ್ನು ಕೇಂದ್ರ ಸರ್ಕಾರ 2018ರ ಆದೇಶದಿಂದ ಹಂತಹಂತವಾಗಿ ನಿಲ್ಲಿಸಿತು. 2020ರ ಡಿಸೆಂಬರ್ 31ರ ನಂತರ ಅದರ ಬಳಕೆ ನಿಷಿದ್ಧ. 2020ರ ಮೇ ತಿಂಗಳಲ್ಲಿ 27 ಪೀಡೆನಾಶಕಗಳನ್ನು ನಿಷೇಧಿಸುವ ಕರಡು ಹೊರಬಿದ್ದಾಗ ಅದರಲ್ಲಿ ಪೆಂಡಿಮಿಥಾಲಿನ್ ಹೆಸರೂ ಇತ್ತು. 2023ರ ಅಂತಿಮ ಆದೇಶದಲ್ಲಿ ಅದು ಇರಲಿಲ್ಲ. ಇರಲಿಲ್ಲವೆಂದ ಮಾತ್ರಕ್ಕೆ ಅದು ತೀರ್ಥವಾಗುವುದಿಲ್ಲ. ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ ಸಾಧ್ಯತೆಯುಳ್ಳದ್ದೆಂದು ಅಮೆರಿಕದ ಪರಿಸರ ಸಂಸ್ಥೆ ಅದನ್ನು ವರ್ಗೀಕರಿಸಿದೆ, ಮೀನಿಗೆ ಅದು ಘೋರ ವಿಷ, ಯುರೋಪು ಅದನ್ನು ಬದಲಿ ಸಿಕ್ಕಾಗ ಕೈಬಿಡಬೇಕಾದವುಗಳ ಪಟ್ಟಿಯಲ್ಲಿಟ್ಟಿದೆ. ಮಣ್ಣಿನಲ್ಲಿ ಅದು ಅರ್ಧಕ್ಕಿಳಿಯಲು ಒಂದೂವರೆ ತಿಂಗಳಿಂದ ಮೂರು ತಿಂಗಳಾಗಬಹುದು, ಒಣ ವರ್ಷದಲ್ಲಿ ಇನ್ನೂ ಹೆಚ್ಚು. ಮುಂಗಾರಿಗೆ ಹೆಸರು ಬೆಳೆದು ಅದೇ ಹೊಲಕ್ಕೆ ಹಿಂಗಾರಿ ಜೋಳ ಬಿತ್ತುವವರು ಇದನ್ನು ಮರೆಯುವಂತಿಲ್ಲ, ಜೋಳ ಹುಲ್ಲಿನ ಕುಲದ್ದು. ಕೆಳಗೆ ಇಳಿಯದ ಔಷಧಿ ಅಂತರ್ಜಲಕ್ಕೆ ಸೇರುವುದು ಅಪರೂಪ ಎಂಬುದು ನಿಜ. ಆದರೆ ಮಣ್ಣಿಗೆ ಅಂಟಿಕೊಂಡದ್ದು ಕೊಚ್ಚಿ ಹೋಗುವ ಮಣ್ಣಿನ ಜೊತೆಗೇ ಹಳ್ಳಕ್ಕೂ ಕೆರೆಗೂ ಹೋಗುತ್ತದೆ. ಇವೆಲ್ಲ ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಸಂಗತಿಗಳಲ್ಲ, ಅದರ ಕಡೆಗೇ ತಳ್ಳುವ ಸಂಗತಿಗಳು. ಒಂದು ವಸ್ತು ಪೂರ್ತಿ ಒಳ್ಳೆಯದಾಗಿದ್ದರೆ ಹೊಲವೆಲ್ಲ ಚೆಲ್ಲಬಹುದಿತ್ತು. ಹಾಗಲ್ಲದ್ದರಿಂದಲೇ ಮೂರರಲ್ಲಿ ಒಂದು ಪಾಲು. ಆ ಒಂದು ಪಾಲನ್ನೂ ಬೇಡವೆನ್ನುವ ರೈತನಿಗೆ ಸಾಲಿನೊಳಗಿನ ಹುಲ್ಲನ್ನು ಸಕಾಲದಲ್ಲಿ ಕೈಯಿಂದ ತೆಗೆಸುವ ಶಕ್ತಿಯಿದ್ದರೆ, ಅವನೊಂದಿಗೆ ನನ್ನ ಜಗಳವಿಲ್ಲ.

ಎರಡನೆಯದು ಕೂಲಿಯದು, ಇದು ಹೆಚ್ಚು ಕಷ್ಟದ್ದು. ಕಳೆ ತೆಗೆಯುವ ಕೆಲಸ ನಮ್ಮಲ್ಲಿ ಬಹುತೇಕ ಹೆಂಗಸರದು. ಭೂಮಿಯಿಲ್ಲದ ಮನೆಗೆ ಮುಂಗಾರಿನಲ್ಲಿ ಬರುವ ಕಾಸು ಅದೇ. ಬಾಟಲಿಯೊಂದು ಬಂದು ಆ ಕಾಸನ್ನು ಕಿತ್ತುಕೊಳ್ಳುತ್ತದೆ ಎಂಬುದು ಸುಳ್ಳಲ್ಲ. ಇದಕ್ಕೆ ‘ಆಳೇ ಸಿಗುವುದಿಲ್ಲ’ ಎಂಬ ರೆಡಿಮೇಡ್ ಉತ್ತರ ಕೊಡುವವರು, ಯಾವ ಕೂಲಿಗೆ ಸಿಗುವುದಿಲ್ಲ ಎಂಬುದನ್ನೂ ಹೇಳಬೇಕು. ಅದೇ ವೇಳೆ ಆ ಕೆಲಸವನ್ನು ಹಾಡಿಹೊಗಳುವವರು ದಿನವಿಡೀ ಕುಕ್ಕುರುಗಾಲಿನಲ್ಲಿ, ಬಗ್ಗಿದ ಬೆನ್ನಿನಲ್ಲಿ ಸಾಲು ಸಾಲಾಗಿ ಸರಿಯುವುದೆಂದರೇನೆಂದು ಯೋಚಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ಗಿಡ್ಡ ಹಿಡಿಯ ಗುದ್ದಲಿಯಿಂದ ಕಳೆ ತೆಗೆಸುವುದನ್ನು ಕೂಲಿಕಾರರ ಬೆನ್ನು ಮುರಿಯುತ್ತದೆಂಬ ಕಾರಣಕ್ಕೆ 1975ರಲ್ಲೇ ನಿಷೇಧಿಸಿದರು. ನಮ್ಮ ಕುರ್ಪಿಯ ಹಿಡಿ ಅದಕ್ಕಿಂತ ಗಿಡ್ಡ. ಪಟ್ಟಿಯ ಪದ್ಧತಿಯಲ್ಲಿ ಕೈಯಿಂದ ಕಳೆ ತೆಗೆಯುವ ಕೆಲಸ ಪೂರ್ತಿ ಹೋಗುವುದಿಲ್ಲ. ಉಳಿದ ಹುಲ್ಲನ್ನು, ಜೇಕನ್ನು, ಅಗಲ ಎಲೆಯ ಕಸವನ್ನು ತೆಗೆಯಲು ಒಂದು ಸಲವಾದರೂ ಆಳು ಬೇಕೇ ಬೇಕು. ಆದರೆ ದಿನಗಳು ಕಡಿಮೆಯಾಗುತ್ತವೆ. ಆ ದಿನಗಳ ಕೂಲಿಗೆ ಬದಲಿ ಏನು ಎಂಬುದಕ್ಕೆ ಉತ್ತರ ಕಳೆವಿಜ್ಞಾನದಲ್ಲಿಲ್ಲ, ಅದು ಊರಿನ ಪಂಚಾಯಿತಿಯೂ ಸರ್ಕಾರವೂ ಕೊಡಬೇಕಾದ ಉತ್ತರ. ವಿಜ್ಞಾನ ಅದನ್ನು ಬಿಡಿಸಿದಂತೆ ನಟಿಸುವುದು ಬೇಡ.

ಮೂರನೆಯವರು ಕೇಳುತ್ತಾರೆ: ಮೊಳೆಯುವ ಮುನ್ನವೇ ಯಾಕೆ, ಹುಲ್ಲು ಹುಟ್ಟಲಿ, ಕಂಡ ಮೇಲೆ ಹೊಡೆದರಾಯಿತು, ಕ್ವಿಜಾಲೊಫಾಪ್‌ನಂಥವು ಇವೆಯಲ್ಲ, ದ್ವಿದಳಕ್ಕೆ ಏನೂ ಮಾಡದೆ ಹುಲ್ಲನ್ನಷ್ಟೇ ಕೊಲ್ಲುತ್ತವೆ. ಹೌದು, ಮತ್ತು ಹುಲ್ಲು ನಿಜವಾಗಿ ಹುಟ್ಟಿದೆಯೋ ಇಲ್ಲವೋ ನೋಡಿ ಹೊಡೆಯುವುದು ತತ್ವದಲ್ಲಿ ಹೆಚ್ಚು ವಿವೇಕದ್ದು. ಆದರೆ ಹುಲ್ಲಿಗೆ ಎರಡರಿಂದ ನಾಲ್ಕು ಎಲೆ ಇರುವಾಗ ಅದು ಬೀಳಬೇಕು, ಆ ನಾಲ್ಕೈದು ದಿನಗಳಲ್ಲೇ ಎರೆ ಭೂಮಿ ಕಾಲಿಡಲು ಬಿಡದಿದ್ದರೆ ಮುಗಿಯಿತು. ಮೇಲಾಗಿ ರೈಗ್ರಾಸನ್ನು ಮೊದಲು ಸೋಲಿಸಲಾರದೆ ಹೋದ ಡೈಕ್ಲೊಫಾಪ್ ಇದೇ ಮನೆತನದ್ದು. ಅದನ್ನು ಕಪಾಟಿನಲ್ಲಿಟ್ಟುಕೊಂಡು, ಪಟ್ಟಿಯೂ ಕುಂಟೆಯೂ ಕೈಕೊಟ್ಟ ವರ್ಷಕ್ಕೆ ಮಾತ್ರ ತೆಗೆಯುವುದು ನನ್ನ ದೃಷ್ಟಿಯಲ್ಲಿ ಜಾಣತನ. ಇನ್ನು ಎತ್ತೇ ಇಲ್ಲದ ಮನೆಗಳು ಹೆಚ್ಚುತ್ತಿವೆ, ಕುಂಟೆ ಹೊಡೆಯುವವರಾರು ಎಂಬ ಪ್ರಶ್ನೆ. ಹಳೆ ಸೈಕಲ್ ಚಕ್ರಕ್ಕೆ ಕುಡ ಕಟ್ಟಿದ ತಳ್ಳುಕುಂಟೆ, ಬಾಡಿಗೆಯ ಸಣ್ಣ ಯಂತ್ರ ಒಂದಿಷ್ಟು ದೂರ ನಡೆಸುತ್ತವೆ. ಹತ್ತಾರು ಎಕರೆಯವನಿಗೆ ಸಾಲದು. ಮಳೆ ಹಿಡಿದೇ ಬಿಟ್ಟ ವರ್ಷದಲ್ಲಿ ಸಾಲಿನ ನಡುವಿನ ಹುಲ್ಲು ಕುಂಟೆಗೆ ಸುತ್ತಿಕೊಳ್ಳುವಷ್ಟು ಎತ್ತರ ಬೆಳೆಯುವುದೂ ಉಂಟು. ಆಗ ಪೂರ್ತಿ ಹೊಲಕ್ಕೆ ಹೊಡೆದವನು ಗೆದ್ದಂತೆ ಕಾಣುತ್ತಾನೆ, ಆ ವರ್ಷದ ಮಟ್ಟಿಗೆ ಗೆಲ್ಲುತ್ತಾನೆ ಕೂಡ. ಅಂಥ ಹೊಲಕ್ಕೆ ಪೂರ್ತಿ ಹೊಡೆಯುವುದೇ ಆದರೆ ಹನ್ನೆರಡೂವರೆ ಟ್ಯಾಂಕೂ ಹೊಡೆಯಲಿ ಎಂಬಷ್ಟೇ ನನ್ನ ಷರತ್ತು.

ಪಟ್ಟಿಯ ಲೆಕ್ಕವನ್ನೂ ಕೊಟ್ಟುಬಿಡುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಬಹುದು. ಮೂರಡಿ ಅಂತರದ ತೊಗರಿಯಲ್ಲಿ ಒಂದು ಎಕರೆಯ ಸಾಲುಗಳನ್ನೆಲ್ಲ ಒಂದರ ಹಿಂದೆ ಒಂದು ಜೋಡಿಸಿದರೆ ಸುಮಾರು ನಾಲ್ಕೂವರೆ ಕಿಲೋಮೀಟರ್ ಆಗುತ್ತದೆ. ಈ ಪಟ್ಟಿಗೆ ಬೇಕಾದ ಔಷಧಿ 430 ಮಿಲಿ, ನೀರು 67 ಲೀಟರ್, ಅಂದರೆ ನಾಲ್ಕು ಟ್ಯಾಂಕು ಮತ್ತು ಒಂದು ತಂಬಿಗೆಯಷ್ಟು. ಟ್ಯಾಂಕಿಗೆ ಬೀಳುವುದು ಅದೇ ನೂರು ಚಿಲ್ಲರೆ ಮಿಲಿ. ಒಂದು ಟ್ಯಾಂಕು ಸುಮಾರು 1,060 ಮೀಟರಿಗೆ ಮುಗಿಯಬೇಕು. ಬಿತ್ತನೆಗೆ ಮುನ್ನ ಬರೀ ನೀರು ತುಂಬಿಕೊಂಡು ನೂರು ಮೀಟರ್ ನಡೆದು, ಒಂದೂವರೆ ಲೀಟರ್ ಖರ್ಚಾಯಿತೇ ಎಂದು ಅಳೆದುಕೊಂಡರೆ ನಡಿಗೆಯ ವೇಗ ಗೊತ್ತಾಗುತ್ತದೆ. ಇವತ್ತು ಐದಾರು ಟ್ಯಾಂಕಿನಲ್ಲಿ ಎಕರೆ ಮುಗಿಸುತ್ತಿರುವ ರೈತ ಹೊರುವ ನೀರಿಗಿಂತ ಇದು ಕಡಿಮೆ. ಟ್ರ್ಯಾಕ್ಟರ್ ಕೂರಿಗೆ ಇರುವವರು ಪ್ರತಿ ತಾಳಿನ ಹಿಂದೆ ಒಂದೊಂದು ನಾಜಲ್ ಕಟ್ಟಿದರೆ ಬಿತ್ತುವಾಗಲೇ ಪಟ್ಟಿಯೂ ಬೀಳುತ್ತದೆ, ಹಿಂದಕ್ಕೆ ನಡೆಯುವ ಕಷ್ಟವೂ ಇಲ್ಲ.